ಮುಳ್ಳು ತೆಗೆಯುವ ಗಂಗುಬಾಯಿಯ ಐದು ಸಾಲು

ಕೊಳಕೂರಿನಲ್ಲಿ ಕಾಲಿಗೆ ಮುಳ್ಳು ಮುರಿದುಕೊಂಡವರು ದವಾಖಾನೆಗೆ ಹೋಗುವುದಿಲ್ಲ, ಗಂಗುಬಾಯಿಯ ಕಟ್ಟೆಗೆ ಹೋಗುತ್ತಾರೆ. ಜೇವರ್ಗಿಗೆ ಬಸ್ಸು ಹತ್ತಿ, ಚೀಟಿ ಮಾಡಿಸಿ, ತಿರುಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗಿರುತ್ತದೆ. ಗಂಗುಬಾಯಿಯ ಹತ್ತಿರ ಅದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಬಂದವರ ಪಾದವನ್ನು ಸೀದಾ ತನ್ನ ಮಡಿಲಿಗೆ ಎಳೆದುಕೊಂಡು, ಬಿಸಿನೀರಿನ ಬಟ್ಟೆಯಿಂದ ಒರೆಸಿ, ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತ ಬರುತ್ತಾಳೆ. ಎಲ್ಲಿ ಒತ್ತಿದಾಗ ಮನುಷ್ಯ ಯವ್ವಾ ಎನ್ನುತ್ತಾನೋ ಅಲ್ಲಿ ಸೂಜಿಯಿಂದ ಚರ್ಮ ಬಿಡಿಸಿ, ಚಿಮಟದಲ್ಲಿ ಹಿಡಿದು ಒಂದೇ ಎಳೆತಕ್ಕೆ ತೆಗೆಯುತ್ತಾಳೆ. ಆಮೇಲೆ ಆ ಮುಳ್ಳನ್ನು ಅಂಗೈ ಮೇಲಿಟ್ಟುಕೊಂಡು ತುದಿ ನೋಡುತ್ತಾಳೆ. ತುದಿ ಚೂಪಾಗಿದ್ದರೆ ಮುಳ್ಳು ಪೂರಾ ಬಂತೆಂದು ಅರ್ಥ. ಮೊಂಡಾಗಿದ್ದರೆ ಇನ್ನೂ ಒಳಗಿದೆ ಎಂದು ಅರ್ಥ, ಮತ್ತೆ ಸೂಜಿ.

ಇದು ಅವಳ ಅತ್ತೆಯಿಂದ ಬಂದ ಕೆಲಸ. ಮುಳ್ಳು ತೆಗೆದದ್ದಕ್ಕೆ ಏನೂ ತೆಗೆದುಕೊಳ್ಳಬಾರದು ಎಂದು ಅತ್ತೆ ಹೇಳಿದ್ದಳು, ಗಂಗುಬಾಯಿ ಇಪ್ಪತ್ತೆಂಟು ವರ್ಷ ಹಾಗೆಯೇ ನಡೆದುಕೊಂಡಳು. ಅವಳಿಗೆ ಸಿಕ್ಕಿದ್ದು ಹೆಸರು ಮಾತ್ರ. ಮುಳ್ಳಿನ ಗಂಗುಬಾಯಿ ಎಂದರೆ ಅಂದೋಲಾದ ತನಕ ಗೊತ್ತಿತ್ತು. ದೊಡ್ಡ ದೊಡ್ಡ ಮನೆಯ ಗಂಡಸರು ಕೂಡ ಅವಳ ಮಡಿಲಲ್ಲಿ ಕಾಲಿಟ್ಟು ಹಲ್ಲು ಕಚ್ಚಿಕೊಂಡು ಕೂತಿದ್ದನ್ನು ಊರು ನೋಡಿದೆ. "ಏಟು ದೊಡ್ಡ ಮೀಸಿ, ಏಟು ಸಣ್ಣ ಜೀವ," ಎಂದು ಅವರನ್ನು ಕಾಡಿಸುವ ಸಲಿಗೆಯೂ ಅವಳಿಗಿತ್ತು.

ನಲವತ್ತೈದು ದಾಟಿದ ಮೇಲೆ ಶುರುವಾಯಿತು ನೋಡಿ ತಾಪತ್ರಯ. ಮೊದಲು ಅಕ್ಕಿಯಲ್ಲಿನ ಕಲ್ಲು ಹಳ್ಳು ಕಾಣದಾದವು. ಆಮೇಲೆ ಸೂಜಿಯ ಕಣ್ಣು ಮಾಯವಾಯಿತು. ದೂರದ್ದೆಲ್ಲ ಚೊಕ್ಕ ಕಾಣುತ್ತಿತ್ತು. ಹೊಲದ ಆಚೆ ಬದುವಿನಲ್ಲಿ ಯಾರ ಎಮ್ಮೆ ಮೇಯುತ್ತಿದೆ ಎಂದು ಕಟ್ಟೆಯ ಮೇಲೆ ಕೂತೇ ಹೇಳುವ ಹೆಂಗಸಿಗೆ ತನ್ನ ಅಂಗೈಯ ಗೆರೆ ಕಾಣುತ್ತಿರಲಿಲ್ಲ. ಪೇಪರು ಓದುವವರಿಗೇನು, ಕೈ ಚಾಚಿ ದೂರ ಹಿಡಿದುಕೊಳ್ಳುತ್ತಾರೆ. ಮಡಿಲಲ್ಲಿರುವ ಪಾದವನ್ನು ಎಲ್ಲಿಗೆ ಚಾಚಬೇಕು? ಗಂಗುಬಾಯಿ ಬೆರಳ ತುದಿಯ ಮೇಲೆ ಕೆಲಸ ನಡೆಸತೊಡಗಿದಳು. ಮುಳ್ಳಿನ ತುದಿಯನ್ನು ಕಣ್ಣಿಂದ ನೋಡುವ ಬದಲು ತುಟಿಗೆ ಚುಚ್ಚಿ ನೋಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮುಳ್ಳಿನ ಗಂಗುಬಾಯಿ ಎಂಬ ಹೆಸರು ಅವತ್ತಿಗೇ ಮುಗಿಯಿತಲ್ಲ!

ಬರೀ ಊರವರ ಕಾಲಾಗಿದ್ದರೆ ಅವಳು ಹೇಗೋ ಸುಮ್ಮನಾಗುತ್ತಿದ್ದಳು. ಅವಳಿಗೆ ಜೀವ ಹಿಂಡುತ್ತಿದ್ದದ್ದು ಗಂಡ ಭೀಮಶಾನ ಕಾಲು. ಭೀಮಶಾನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಪಾದಗಳಲ್ಲಿ ಸ್ಪರ್ಶವೇ ಇಲ್ಲ. ಚಪ್ಪಲಿ ಜಾರಿ ಹಿಂದೆ ಉಳಿದರೂ ಗೊತ್ತಾಗದೆ ಹೊಲದ ತನಕ ನಡೆದುಬಿಡುತ್ತಿದ್ದ. ಜೇವರ್ಗಿಯ ಡಾಕ್ಟರು ಗಂಗುಬಾಯಿಯನ್ನು ಮುಂದೆ ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದ್ದರು. "ಇವರಿಗೆ ಮುಳ್ಳ ಚುಚ್ಚಿದ್ದು ಗೊತ್ತಾಗಂಗಿಲ್ಲಮ್ಮ. ಇವರ ಕಾಲು ಇನ್ನ ನಿಮ್ಮ ಕಣ್ಣಾಗ ಅದ. ದಿನಾ ಸಂಜೀಕ ಎರಡೂ ಪಾದ ನೋಡ್ರಿ. ಎಳ್ಳಿನಷ್ಟು ಕರೀ ಚುಕ್ಕಿ ಕಂಡ್ರೂ ಕರ್ಕೊಂಡ ಬರ್ರಿ."

ಎಳ್ಳಿನಷ್ಟು! ಅವಳಿಗೆ ಕಡಲೆಕಾಳೂ ಕಾಣುತ್ತಿರಲಿಲ್ಲ. ಆದರೂ ದಿನಾ ಸಂಜೆ, ಬೆಳಕಿರುವಾಗಲೇ, ಗಂಡನನ್ನು ಕಟ್ಟೆಯ ಮೇಲೆ ಕೂರಿಸಿ ಪಾದ ಸವರುತ್ತಿದ್ದಳು. ಭೀಮಶಾನ ಅಂಗಾಲು ಒಣಗಿದ ಕರಿಮಣ್ಣಿನ ಹಾಗೆ ಬಿರುಕುಬಿಟ್ಟಿತ್ತು, ಅದರಲ್ಲಿ ಬಿರುಕು ಯಾವುದು ಮುಳ್ಳು ಯಾವುದು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಉಳಿದವರಾದರೆ ಒತ್ತಿದಾಗ ಯವ್ವಾ ಎನ್ನುತ್ತಿದ್ದರು. ಇವನು ಬೀಡಿ ಸೇದುತ್ತ ಆಕಾಶ ನೋಡುತ್ತ ಕೂತಿರುತ್ತಿದ್ದ.

"ಏನರೆ ಅದ ಏನಬೇ?" ಎಂದು ಕೇಳುತ್ತಿದ್ದ.

"ಏನಿಲ್ರಿ, ಚಲೋ ಅದ," ಎನ್ನುತ್ತಿದ್ದಳು. ಹಾಗೆಂದು ಅದೇ ಪಾದವನ್ನು ಮತ್ತೊಮ್ಮೆ ಸವರುತ್ತಿದ್ದಳು.

ದೀಪಾವಳಿ ಮುಗಿದ ವಾರಕ್ಕೆ ಊರ ಸಾಲೆಯಲ್ಲಿ ಎರಡು ದಿನದ ಕಣ್ಣಿನ ಶಿಬಿರ ಬಂತು. ಯಾವುದೋ ಒಂದು ಸಂಸ್ಥೆಯವರು. ತಪಾಸಣೆಯೂ ಪುಕ್ಕಟೆ, ಚಷ್ಮಾವೂ ಪುಕ್ಕಟೆ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಕೊಂಡು ಹೋದರು. ಗಂಗುಬಾಯಿ ದೇವರೇ ಓಣಿಗೆ ಬಂದ ಎಂದುಕೊಂಡಳು. ಯಾರಿಗೂ ಹೇಳದೆ, ತಲೆ ತುಂಬ ಸೆರಗು ಹೊದ್ದುಕೊಂಡು ಮೊದಲ ದಿನವೇ ಸಾಲಿನಲ್ಲಿ ನಿಂತಳು.

ದೂರದ ಗೋಡೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳಿದ್ದವು. ಹಲ್ಲು ಯಾವ ಕಡೆ ಇವೆ ಎಂದು ಕೈ ಮಾಡಿ ತೋರಿಸಬೇಕು. ಗಂಗುಬಾಯಿ ಕಟ್ಟಕಡೆಯ ಸಾಲಿನ ತನಕ ಒಂದೂ ತಪ್ಪದೆ ತೋರಿಸಿದಳು. ಆಮೇಲೆ ಬಿಳಿ ಕೋಟಿನ ಹುಡುಗಿಯೊಬ್ಬಳು, ಬೆಂಗಳೂರು ಕಡೆಯ ಮಾತಿನವಳು, ತಲೆ ಎತ್ತದೆಯೇ ಕೇಳಿದಳು.

"ಓದೋಕೆ ಬರುತ್ತಾ ಅಜ್ಜಿ?"

ನಲವತ್ತೇಳಕ್ಕೇ ಅಜ್ಜಿ! ಅದನ್ನು ನುಂಗಿಕೊಂಡು ಗಂಗುಬಾಯಿ, "ಇಲ್ರಿ ಯವ್ವಾ, ಸಾಲಿ ಮಕಾನೇ ನೋಡಿಲ್ರಿ," ಎಂದಳು.

"ಹಾಗಾದ್ರೆ ಹತ್ತಿರದ ಕನ್ನಡಕ ಯಾಕೆ? ಅದು ಓದೋರಿಗೆ. ನಿಮ್ಮ ಕಣ್ಣು ಚೆನ್ನಾಗಿದೆ. ನೆಕ್ಸ್ಟ್!"

"ನಾ ಮುಳ್ಳ ತೆಗೀತೇನ್ರಿ..."

ಹುಡುಗಿ ಅರ್ಥವಾಗದೆ ಪಕ್ಕದವನ ಮುಖ ನೋಡಿದಳು. ಅವನು ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಹಿಂದಿನವರು ಮುಂದೆ ಬಂದು ಸ್ಟೂಲಿನ ಮೇಲೆ ಕೂತಾಗಿತ್ತು. ಅಲ್ಲ, ಇವರಿಗೆ ಯಾರಾದರೂ ಹೇಳಬಾರದೇ? ಅಕ್ಷರ ಬಾರದವರ ಕಣ್ಣೆದುರಿಗೆ ಹತ್ತಿರದಲ್ಲಿ ಏನೂ ಇರುವುದೇ ಇಲ್ಲವೇ? ಹಳ್ಳು ಇಲ್ಲವೇ, ಹೇನು ಇಲ್ಲವೇ, ಗಂಡನ ಪಾದ ಇಲ್ಲವೇ?

ಅವಳ ಅಳುಮೋರೆ ಕಂಡದ್ದು ಓಣಿಯ ಜಯಮಾಲಾಗೆ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಮೂವತ್ತರ ಹೆಣ್ಣುಮಗಳು, ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಕೂತಿದ್ದಳು. ಗಂಗುಬಾಯಿ ಅವಳೊಬ್ಬಳಿಗೆ ಮಾತ್ರ, ಆಣೆ ಹಾಕಿಸಿಕೊಂಡು, ತನಗೆ ಹತ್ತಿರದ್ದು ಕಾಣುವುದಿಲ್ಲ ಎಂದು ಬಾಯಿಬಿಟ್ಟಳು.

ಜಯಮಾಲಾ ದಿನವಿಡೀ ತನ್ನ ಟೇಬಲ್ಲಿನಿಂದ ಕಂಡದ್ದು ಇಷ್ಟು. ಒಳಗೆ ಒಂದು ಕಾರ್ಡು ಕೊಡುತ್ತಾರೆ, ಜನ ಅದನ್ನು ಓದುತ್ತಾರೆ, ಓದಿದವರು ಚಷ್ಮಾದ ಡಬ್ಬಿ ಹಿಡಿದು ಹೊರಗೆ ಬರುತ್ತಾರೆ. ಓದಲು ಬಾರದವರು ಬರಿಗೈಯಲ್ಲಿ ಬರುತ್ತಾರೆ. ಅಲ್ಲಿಗೆ ಅವಳಿಗೆ ಎಲ್ಲ ತಿಳಿದುಹೋಯಿತು. ಇದು ಪರೀಕ್ಷೆ, ಪಾಸಾದವರಿಗೆ ಚಷ್ಮಾ. ತಾನು ಹತ್ತನೆಯ ಇಯತ್ತೆ ಪಾಸಾದದ್ದು ಹೇಗೆ ಎಂಬುದೂ ಅವಳಿಗೆ ನೆನಪಿತ್ತು.

"ಗಂಗಕ್ಕ, ಚಿಂತಿ ಬಿಡು. ಆ ಕಾರ್ಡಿನ ಫೋಟೋ ಹೊಡ್ಕೊಂಡು ಬರ್ತೇನಿ. ಐದೇ ಸಾಲ ಅವ. ಬಾಯಿಪಾಠ ಮಾಡಿಬಿಡು. ನಾಳಿಗಿ ಬ್ಯಾರೆದಂವ ಇರ್ತಾನ, ನಿನ್ನ ಗುರ್ತ ಹಿಡಿಯಂಗಿಲ್ಲ."

ಮರುದಿನ ಬೆಳಿಗ್ಗೆ ಗಂಗುಬಾಯಿ ರೊಟ್ಟಿ ಬಡಿಯುತ್ತಿದ್ದರೆ ಜಯಮಾಲಾ ಒಲೆಯ ಪಕ್ಕದಲ್ಲಿ ಮೊಬೈಲು ಹಿಡಿದು ಕೂತು ಹೇಳಿಕೊಟ್ಟಳು. ನಮ್ಮ ಊರಿನಲ್ಲಿ ಒಬ್ಬ ರೈತನಿದ್ದಾನೆ. ಅವನು ಬೆಳಿಗ್ಗೆ ಬೇಗ ಏಳುತ್ತಾನೆ. ಎತ್ತುಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಾನೆ. ಮಧ್ಯಾಹ್ನ ಮರದ ನೆರಳಿನಲ್ಲಿ ಊಟ ಮಾಡುತ್ತಾನೆ. ಸಂಜೆ ನಡೆಯುತ್ತ ಮನೆಗೆ ಬರುತ್ತಾನೆ. ಸಾಲು ಕೆಳಗಿಳಿದಂತೆ ಅಕ್ಷರಗಳು ಸಣ್ಣವಾಗುತ್ತ ಹೋಗುತ್ತಿದ್ದವು. ಯಾಕೆ ಹಾಗೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ರಾಶಿ ಕಣದ ಹಂತಿಯ ಹಾಡು, ಬೀಸುವ ಹಾಡು ನೂರಾರು ಬಾಯಲ್ಲಿದ್ದ ಗಂಗುಬಾಯಿಗೆ ಐದು ಸಾಲು ಯಾವ ಲೆಕ್ಕ! ಹತ್ತನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಪೂರಾ ಬಂದಿತ್ತು.

"ಕಾರ್ಡ ತಲಿಕೆಳಗ ಹಿಡೀಬ್ಯಾಡ ಮತ್ತ. ಮ್ಯಾಲ ಹಸರ ಪಟ್ಟಿ ಅದ, ಅದು ಮ್ಯಾಲ ಇರಬೇಕು. ಬೆರಳ ಇಟಗೊಂತ ಓದು," ಎಂದು ಕೊನೆಯ ಪಾಠವನ್ನೂ ಜಯಮಾಲಾ ಹೇಳಿದಳು.

ಅವತ್ತು ಒಳಗಿದ್ದವನು ಒಬ್ಬ ಹುಡುಗ. ಓದಲು ಬರುತ್ತದೆಯೇ ಎಂದು ಕೇಳಿದ. ಗಂಗುಬಾಯಿ ಸೆರಗು ಸರಿಮಾಡಿಕೊಂಡು, "ಬರ್ತದ್ರಿ," ಎಂದಳು. ಕಾರ್ಡು ಕೈಗೆ ಬಂತು. ಹಸಿರು ಪಟ್ಟಿ ಮಂದವಾಗಿ ಕಂಡಿತು, ಅದರ ಕೆಳಗಿನದ್ದೆಲ್ಲ ಸಾಲು ಇರುವೆ. ಪಟ್ಟಿ ಮೇಲೆ ಮಾಡಿ, ಬೆರಳಿಟ್ಟು, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದಳು. ಐದನೆಯ ಸಾಲಿಗೆ ಬಂದಾಗ ಹುಡುಗ ಬಗ್ಗಿ ನೋಡಿದ. "ಇನ್ನೂ ಹತ್ತಿರ ಹಿಡಿದು ಓದಿ," ಎಂದ. ಮೂಗಿನ ಹತ್ತಿರ ಹಿಡಿದು ಅದೇ ಸಾಲನ್ನು ಮತ್ತೆ ಹೇಳಿದಳು. ಸಂಜೆ ನಡೆಯುತ್ತ ಮನೆಗೆ ಬರುತ್ತಾನೆ.

"ಏನಮ್ಮಾ ಇದು! ಇಲ್ಲೀ ತನಕ ಈ ಕೊನೇ ಸಾಲನ್ನ ಯಾರೂ ಓದಿರಲಿಲ್ಲ. ನಿಮಗೆ ಹದ್ದಿನ ಕಣ್ಣು. ಕನ್ನಡಕ ಬೇಡವೇ ಬೇಡ," ಎಂದು ಹುಡುಗ ಚೀಟಿಯ ಮೇಲೆ ಸಿಕ್ಕೆ ಒತ್ತಿದ. "ರಸ್ತೆ ಮೇಲೆ ಮಾರೋ ಕನ್ನಡಕ ಮಾತ್ರ ಹಾಕ್ಕೋಬೇಡಿ. ಒಳ್ಳೇ ಕಣ್ಣು ಹಾಳಾಗುತ್ತೆ."

ಸಾಲಿನಲ್ಲಿ ನಿಂತಿದ್ದ ಅಣ್ಣಾರಾಯ ಮಾಸ್ತರರು, ಊರ ಸಾಲೆಯಲ್ಲೇ ಕಲಿಸಿ ನಿವೃತ್ತರಾದವರು, ಚಪ್ಪಾಳೆ ತಟ್ಟಿಬಿಟ್ಟರು. "ಶಹಬ್ಬಾಸ್ ಗಂಗುಬಾಯಿ! ಯಾವಾಗ ಕಲ್ತಿ ಓದಾಕ? ಮೂವತ್ತು ವರ್ಷ ಕಲಿಸೇನಿ, ನನ್ನ ಹುಡುಗರೂ ಹಿಂಗ ಓದಂಗಿಲ್ಲ!" ಅವರ ಹಿಂದೆ ನಿಂತ ಹೆಂಗಸರು ಬಾಯಿ ತೆರೆದು ಅವಳನ್ನೇ ನೋಡಿದರು.

ಗಂಗುಬಾಯಿಗೆ ಹೇಳಬೇಕೆನಿಸಿತು. ಅಲ್ರಿ, ನನಗ ಒಂದೂ ಕಾಣಲಿಲ್ರಿ, ಬಾಯಿಪಾಠ ಹೇಳೇನ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಟ್ಟಿದಾಗಿನಿಂದ ಅಕ್ಷರದ ವಿಷಯಕ್ಕೆ ಅವಳಿಗೆ ಯಾರೂ ಶಹಬ್ಬಾಸ್ ಅಂದಿರಲಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು, ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು, ಎಲ್ಲೆಲ್ಲೂ ತಲೆ ತಗ್ಗಿಸಿಯೇ ಬಂದವಳು. ಈಗ ಮಾಸ್ತರರೇ ಸರಿದು ದಾರಿ ಬಿಟ್ಟರು. ಅವಳು ನಕ್ಕಳು. ನಕ್ಕು, ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಆ ನಗುವನ್ನು ಅವಳು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಹೊರಗೆ ಜಯಮಾಲಾ ಬರಿಗೈ ನೋಡಿ ಗಾಬರಿಯಾದಳು. ಚೀಟಿಯನ್ನು ಎರಡೆರಡು ಸಲ ಓದಿ, "ಡಾಕ್ಟರ್ ಮಂದಿ ಸಿಕ್ಕಾ ಹೊಡದು ಕೊಟ್ಟಾರ ಅಂದ್ರ ಕಣ್ಣ ಖರೇನ ಚಲೋ ಇರಬೇಕಕ್ಕ. ಶಕ್ತಿ ಕಮ್ಮಿ ಆಗಿರಬೇಕು ನಿನಗ. ಗಜ್ಜರಿ ತಿನ್ನು," ಎಂದಳು. ಗಂಗುಬಾಯಿಯೂ ನಂಬಿದಳು. ಎರಡು ದಿನ, ಇಬ್ಬರು ಬಿಳಿ ಕೋಟಿನವರು, ಇಬ್ಬರೂ ಕಣ್ಣು ಚೆನ್ನಾಗಿದೆ ಎಂದ ಮೇಲೆ ನಂಬದೆ ಏನು ಮಾಡುತ್ತಾಳೆ? ಕಣ್ಣಿಗೆ ಒಳ್ಳೆಯದೆಂದು ಗಜ್ಜರಿಗಡ್ಡೆ ತಿಂದಳು. ಸಂಜೆ ಸಂಜೆ ಗಂಡನ ಪಾದ ಸವರಿದಳು. ಚಲೋ ಅದ ಎಂದಳು.

ಜಯಮಾಲಾಗಾದರೂ ಸಂಜೆ ಒಮ್ಮೆ ಬಂದು ಪಾದ ನೋಡು ಎನ್ನಬಹುದಿತ್ತು. ಭೀಮಶಾ ಪರಹೆಣ್ಣಿನ ಕೈಗೆ ಕಾಲು ಕೊಡುತ್ತಿರಲಿಲ್ಲ, ಅದು ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಬೇರೆ. ಮುಳ್ಳಿನ ಗಂಗುಬಾಯಿ ತನ್ನ ಗಂಡನ ಕಾಲು ನೋಡಲು ಬೇರೆಯವರನ್ನು ಕರೆದಳಂತೆ ಎಂದು ಊರು ಆಡಿಕೊಂಡರೆ?

ತೊಗರಿ ಕೊಯ್ಲು ಬಂತು. ಕೊಯ್ದ ತೊಗರಿಯ ಕೂಳೆಗಳೂ ಬದುವಿನ ಜಾಲಿಯ ಮುಳ್ಳೂ ಒಂದಕ್ಕೊಂದು ಪೈಪೋಟಿ. ಒಂದು ಸಂಜೆ ಭೀಮಶಾನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಅವಳ ಬೆರಳಿಗೆ ಏನೋ ತಾಗಿತು. ಸೂಜಿ ಹಾಕಿದಳು, ಚಿಮಟ ಹಾಕಿದಳು, ಜಾಲಿಮುಳ್ಳು ಬಂತು. ತುಟಿಗೆ ಚುಚ್ಚಿ ನೋಡಿದಳು. ಚುಚ್ಚಿತು. ಮುರಿದ ಮುಳ್ಳಿನ ಮೊನೆಯೂ ತುಟಿಗೆ ಚುಚ್ಚುತ್ತದೆ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಅರಿಶಿನ ಹಚ್ಚಿ, "ಪೂರಾ ಬಂತ್ರಿ," ಎಂದಳು.

ಒಂಬತ್ತನೆಯ ದಿನ ವಾಸನೆ ಬಂತು. ಕಣ್ಣಿಗೆ ಕಾಣದ್ದು ಮೂಗಿಗೆ ಸಿಕ್ಕಿತ್ತು. ಕಲಬುರ್ಗಿಯ ದೊಡ್ಡ ದವಾಖಾನೆಯಲ್ಲಿ ಮೊದಲು ಹೆಬ್ಬೆರಳು ತೆಗೆದರು, ನಾಲ್ಕು ದಿನ ಬಿಟ್ಟು ಅರ್ಧ ಪಾದ, ಕೊನೆಗೆ ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಉಳಿದದ್ದೆಲ್ಲ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮನ್ಯಾಗ ಯಾರೂ ಪಾದ ನೋಡ್ತಿರಲಿಲ್ಲೇನಮ್ಮ?" ಎಂದು ಕೇಳಿದರು ಅಷ್ಟೆ.

"ದಿನಾ ನೋಡೇನ್ರಿ," ಎಂದಳು ಗಂಗುಬಾಯಿ. ಡಾಕ್ಟರು ನಂಬದೆ ತಲೆ ಆಡಿಸಿ ಮುಂದಿನ ಮಂಚಕ್ಕೆ ಹೋದರು.

ಅವತ್ತು ಮಧ್ಯಾಹ್ನ ಚಹಾ ತರಲು ಹೊರಗೆ ಬಂದವಳು ಗೇಟಿನ ಪಕ್ಕದಲ್ಲಿ ಒಂದು ತಳ್ಳುಗಾಡಿಯ ಮುಂದೆ ನಿಂತಳು. ಯಾಕೆ ನಿಂತಳೋ ಅವಳಿಗೇ ಗೊತ್ತಿಲ್ಲ. ಗಾಡಿಯ ತುಂಬ ಚಷ್ಮಾ. ಗಾಡಿಯ ಮುದುಕ, ಚಮನಸಾಬ ಎಂದು ಹೆಸರು, ಅವಳ ಮುಖ ನೋಡಿ, "ಉಮರ್ ಎಷ್ಟಮ್ಮಾ?" ಎಂದ. ವಯಸ್ಸು ಹೇಳಿದಳು. ಒಂದು ಚಷ್ಮಾ ತೆಗೆದು ಮೂಗಿಗೆ ಏರಿಸಿ, ಕೈಗೆ ಒಂದು ಸೂಜಿ, ಒಂದು ದಾರ ಕೊಟ್ಟ. "ಪೋಣಿಸು ನೋಡೋಣ."

ಸೂಜಿಯ ಕಣ್ಣು ಬಾಗಿಲಷ್ಟು ದೊಡ್ಡದಾಗಿ ಕಂಡಿತು. ದಾರ ಒಂದೇ ಸಲಕ್ಕೆ ಹೋಯಿತು. ಓದಲು ಬರುತ್ತದೆಯೇ ಎಂದು ಚಮನಸಾಬ ಕೇಳಲೇ ಇಲ್ಲ. ಸೂಜಿ ದಾರ, ಅಷ್ಟೇ ಅವನ ಪರೀಕ್ಷೆ. ಒಂದು ಕಿಲೋ ತೊಗರಿಬೇಳೆಗಿಂತ ಅಗ್ಗದ ಚಷ್ಮಾ. ಗಂಗುಬಾಯಿ ಅಲ್ಲೇ ಗಾಡಿಯ ಗಾಲಿ ಹಿಡಿದು ಕುಸಿದು ಕೂತು, ದಾರಿಯ ಮಂದಿಯೆಲ್ಲ ನಿಂತು ನೋಡುವಂತೆ ಅತ್ತಳು. ಮುದುಕ ಕಂಗಾಲಾಗಿ, "ನಂಬರ್ ಬರೋಬರಿ ಇಲ್ಲೇನಮ್ಮಾ? ಬದಲಿ ಕೊಡ್ತೇನಿ," ಎಂದು ಮತ್ತೆ ಮತ್ತೆ ಕೇಳಿದ.

ಒಳಗೆ ಬಂದು ಭೀಮಶಾನ ಎಡಗಾಲನ್ನು ಮಡಿಲಿಗೆ ತೆಗೆದುಕೊಂಡಳು. ಹಿಮ್ಮಡಿಯಲ್ಲಿ, ಬಿರುಕಿನ ಪಕ್ಕದಲ್ಲಿ, ಎಳ್ಳಿನಷ್ಟು ಕರಿ ಚುಕ್ಕೆ. ಎಷ್ಟು ದಿನದ್ದೋ. ನರ್ಸಮ್ಮನನ್ನು ಕೂಗಿ ತೆಗೆಸಿದಳು. ಭೀಮಶಾ ಅವಳ ಮೂಗಿನ ಮೇಲಿನ ಚಷ್ಮಾ ನೋಡಿ, ಆಮೇಲೆ ಹಾಸಿಗೆ ಚಪ್ಪಟೆಯಾಗಿದ್ದ ಕಡೆ ನೋಡಿ, "ಶಿಬಿರದಾಗ ಕಣ್ಣ ಚಲೋ ಅದಾವ ಅಂದಿದ್ರಲ್ಲಬೇ?" ಎಂದ. ಅವಳು ಎಲ್ಲವನ್ನೂ ಹೇಳಿದಳು, ಬಾಯಿಪಾಠ, ಚಪ್ಪಾಳೆ, ತನ್ನ ನಗು, ಎಲ್ಲ. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ನೀರು ಕೇಳಿದ.

ಊರವರು ಈಗಲೂ ಕಟ್ಟೆಗೆ ಬರುತ್ತಾರೆ. ಚಷ್ಮಾ ಹಾಕಿಕೊಂಡೇ ಮುಳ್ಳು ತೆಗೆಯುತ್ತಾಳೆ, ಮೊದಲಿಗಿಂತ ಚೊಕ್ಕ. ಆದರೆ ಕಾಡಿಸುವುದನ್ನು ಬಿಟ್ಟಿದ್ದಾಳೆ. ಮೀಸೆಯವರು ಹಲ್ಲು ಕಚ್ಚಿದರೂ ಅವಳು ಮಾತಾಡುವುದಿಲ್ಲ. ಎದ್ದು ಹೋಗುವಾಗ ಅವರು ಓಣಿಯಲ್ಲಿ ಗುಸುಗುಸು ಅನ್ನುವುದು ಅವಳಿಗೆ ಗೊತ್ತು. ಊರ ಮಂದಿಯ ಕಾಲೆಲ್ಲ ಉಳಿಸಿದಳು, ಗಂಡನದ್ದೊಂದು ಬಿಟ್ಟು ಎಂದು.

ಮರುವರ್ಷ ದೀಪಾವಳಿ ಆದಮೇಲೆ ಅದೇ ಆಟೋ, ಅದೇ ಮೈಕು. ಗಂಗುಬಾಯಿ ಭೀಮಶಾನನ್ನು ಕರೆದುಕೊಂಡು ಸಾಲೆಗೆ ಹೋದಳು. ಅವನು ಕುಂಟುಗೋಲು ಒರಗಿಸಿ ಬೇವಿನ ಮರದ ಕಟ್ಟೆಯ ಮೇಲೆ ಕೂತ. ಅವಳು ಸಾಲಿನಲ್ಲಿ ನಿಂತಳು. ಒಳಗೆ ಅದೇ ಬಿಳಿ ಕೋಟಿನ ಹುಡುಗಿ ಇದ್ದಳು, ಗಂಗುಬಾಯಿಯ ಮೂಗಿನ ಮೇಲಿನದ್ದನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ರಸ್ತೇಲಿ ತಗೊಂಡಿದ್ದಾ? ಯಾಕೆ ಹಾಕ್ಕೋತೀರಾ ಅದನ್ನ? ತೆಗೀರಿ. ಓದೋಕೆ ಬರುತ್ತಾ?"

"ಬರಂಗಿಲ್ಲ," ಎಂದಳು ಗಂಗುಬಾಯಿ. "ಆದ್ರ ಓದ್ತೇನಿ, ಆ ಕಾರ್ಡ ಕೊಡ್ರಿ."

ಹುಡುಗಿಗೆ ತಲೆಬುಡ ತಿಳಿಯಲಿಲ್ಲ, ಕಾರ್ಡು ಕೊಟ್ಟಳು. ಗಂಗುಬಾಯಿ ಚಷ್ಮಾ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಕಾರ್ಡನ್ನು ಬೋರಲು ಮಾಡಿ ಟೇಬಲ್ಲಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಹಾಗೆಯೇ ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳತೊಡಗಿದಳು. ನಮ್ಮ ಊರಿನಲ್ಲಿ ಒಬ್ಬ ರೈತನಿದ್ದಾನೆ. ಅವನು ಬೆಳಿಗ್ಗೆ ಬೇಗ ಏಳುತ್ತಾನೆ. ಅಣ್ಣಾರಾಯ ಮಾಸ್ತರರು ಈ ಸಲವೂ ಬಂದಿದ್ದರು, ತಲೆ ತಗ್ಗಿಸಿದರು. ಮೂರನೆಯ ಸಾಲು, ನಾಲ್ಕನೆಯ ಸಾಲು. ಐದನೆಯದನ್ನು ಇನ್ನೂ ದನಿ ಎತ್ತರಿಸಿ ಹೇಳಿದಳು.

"ಸಂಜೆ ನಡೆಯುತ್ತ ಮನೆಗೆ ಬರುತ್ತಾನೆ."

ಕಣ್ಣು ತೆರೆದು ಹುಡುಗಿಯ ಕೈಯಲ್ಲಿದ್ದ ಪೆನ್ನು ನೋಡಿದಳು. "ಬರೀರಿ ಯವ್ವಾ ಈಗ. ಕಣ್ಣ ಚಲೋ ಅದಾವ ಅಂತ ಬರೀರಿ. ಸಿಕ್ಕಾನೂ ಹೊಡೀರಿ."

ಹುಡುಗಿ ಬರೆಯಲಿಲ್ಲ. ಗಂಗುಬಾಯಿ ಕಾಯಲೂ ಇಲ್ಲ. ಹೊರಗೆ ಬಂದು ಬೇವಿನ ಕಟ್ಟೆಯ ಕೆಳಗೆ ಕೂತು, ಚಷ್ಮಾ ಏರಿಸಿಕೊಂಡು, ಭೀಮಶಾನ ಎಡಪಾದವನ್ನು ಮಡಿಲಿಗೆ ಎಳೆದುಕೊಂಡು ಬೆರಳು ಬೆರಳು ಬಿಡಿಸಿ ನೋಡಿದಳು.

"ಏನರೆ ಅದ ಏನಬೇ?" ಎಂದ ಅವನು.

"ಏನಿಲ್ರಿ," ಎಂದಳು. ಆಮೇಲೆ ಇದ್ದ ಒಂದು ಚಪ್ಪಲಿಯನ್ನು ತೊಡಿಸಿದಳು.